ಕಾರ್ಕೋಟನಿಗೆ ಬಂದ ಗೃಹಪ್ರವೇಶದ ಕರೆಯೋಲೆ

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ, ಕಟ್ಟುತ್ತಿರುವ ಮನೆಗಳ ಮುಂದೆಲ್ಲ ಒಂದೇ ಮುಖ ತೂಗುವುದು ಕಾಣುತ್ತದೆ. ಬೇರೆ ಕಡೆ ದೃಷ್ಟಿಯಾಗದಿರಲೆಂದು ಬೂದುಗುಂಬಳಕ್ಕೆ ಮೀಸೆ ಬರೆದು ಕಟ್ಟುತ್ತಾರೆ, ಇಲ್ಲವೆ ಹಳೇ ಪ್ಯಾಂಟಿಗೆ ಹುಲ್ಲು ತುಂಬಿ ನೇತುಹಾಕುತ್ತಾರೆ. ಇಲ್ಲಿ ಮಾತ್ರ ತಗಡಿನ ಮೇಲೆ ಬರೆದ ಮಾಂತ್ರಿಕ. ಕೂಡಿದ ಹುಬ್ಬು, ಎಡಗಿವಿಯಲ್ಲಿ ತಲೆಬುರುಡೆಯ ಒಂಟಿ, ತುದಿಯಲ್ಲಿ ಗಂಟು ಹಾಕಿದ ಗಡ್ಡ, ಹೊರಚಾಚಿದ ಹಸಿರು ನಾಲಿಗೆ. ಹೆಸರು ಕಾರ್ಕೋಟ.

ಇವನನ್ನು ಬರೆಯುವವರು ಹೊಳಲ್ಕೆರೆಯ ಚಿತ್ರಲಿಂಗಪ್ಪನವರು. ವಯಸ್ಸು ಐವತ್ತೆಂಟು. ಮದುವೆಯಾಗಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವರು, ಬಣ್ಣದ ಡಬ್ಬಿಗಳು ಮತ್ತು ಒಣಗಲು ಇಟ್ಟ ಏಳೆಂಟು ಕಾರ್ಕೋಟರು ವಾಸವಾಗಿದ್ದಾರೆ. ನಾಲ್ಕು ತಾಲ್ಲೂಕಿನಲ್ಲಿ ಈ ಮುಖ ತೂಗುವ ಯಾವ ಮನೆಗಾದರೂ ಅವರು ಹೇಳದೆ ಕೇಳದೆ ನುಗ್ಗಬಹುದು. ಮೇಸ್ತ್ರಿಗಳು ಟೀ ಕುಡಿಸುತ್ತಾರೆ, ಮಾಲೀಕರು ಅಡುಗೆಮನೆ ತೋರಿಸುತ್ತಾರೆ. ಮನೆ ಪೂರ್ತಿಯಾಗಿ ಗೃಹಪ್ರವೇಶದ ದಿನ ಬಂತೆಂದರೆ ಮಾತ್ರ ಅವರಿಗೆ ಪ್ರವೇಶವಿಲ್ಲ. ಇದಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಚಿತ್ರಲಿಂಗಪ್ಪನವರು ತಮ್ಮ ಕೈಯಾರೆ ಬರೆದ ಒಂದು ಮಾತು ಕಾರಣ.

ಆಗ ಚಿತ್ರದುರ್ಗದ ಒಂದು ಪ್ರೆಸ್ಸಿನಿಂದ 'ಮಿಂಚುಮಲ್ಲ' ಎಂಬ ಕಾಮಿಕ್ಸ್ ತಿಂಗಳಿಗೊಂದರಂತೆ ಬರುತ್ತಿತ್ತು. ಮೂವತ್ತೆರಡು ಪುಟ. ಮಿಂಚುಮಲ್ಲ ಹಾರುತ್ತಿದ್ದ, ಬಂಡೆ ಒಡೆಯುತ್ತಿದ್ದ, ಕಾಲುವೆಗೆ ಬಿದ್ದ ಬಸ್ಸನ್ನು ಒಂದೇ ಕೈಯಲ್ಲಿ ಎತ್ತಿ ರಸ್ತೆಗಿಟ್ಟು ಟಿಕೆಟ್ ತಗೊಂಡು ಅದೇ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದ. ಕಾನ್ವೆಂಟಿನಲ್ಲಿ ಓದುತ್ತಿದ್ದ ನಾವು ಮಾರಲ್ ಸೈನ್ಸ್ ಪುಸ್ತಕದ ನಡುವೆ ಅವನನ್ನು ಇಟ್ಟುಕೊಂಡು ನೀತಿಪಾಠ ಕಲಿತೆವು. ಪ್ರೆಸ್ಸಿನ ಮಾಲೀಕ ಹಾಲೇಶಪ್ಪ ನಾಯಕನ ಚಿತ್ರ ಬರೆಯುವ ಕೆಲಸವನ್ನು ತನ್ನ ಭಾಮೈದನಿಗೆ ಕೊಟ್ಟಿದ್ದ. ಖಳನಾಯಕ ಹೊರಗಿನವರ ಪಾಲಿಗೆ ಬಂದ. ಹೊರಗಿನವರೆಂದರೆ ಚಿತ್ರಲಿಂಗಪ್ಪನವರು.

ಮಾಂತ್ರಿಕನ ಮುಖಕ್ಕೆ ಮಾದರಿಯಾಗಿ ಕೂರಲು ಯಾರೂ ಒಪ್ಪಲಿಲ್ಲವಾದ್ದರಿಂದ ಅವರು ಗಡ್ಡ ಹೆರೆಯುವ ಕನ್ನಡಿಯನ್ನೇ ಎದುರಿಗಿಟ್ಟುಕೊಂಡು ಬರೆದರು. ಪ್ರೆಸ್ಸಿನಲ್ಲಿ ಆ ದಿನ ಕೆಂಪು ಶಾಯಿ ಮುಗಿದಿದ್ದರಿಂದ ನಾಲಿಗೆ ಹಸಿರಾಯಿತು. ಮಂತ್ರ ಬರೆಯುವಾಗ ಅವರಿಗೆ ಭಯವಾಗಿ, ಊರ ಹೆಸರುಗಳನ್ನು ತಿರುವಿ ಬರೆದರು. 'ಹ್ರೀಂ ರಗಸಾಮರಭ ಲವಾದಿಆ ಫಟ್!' ಎಂದು ಕಾರ್ಕೋಟ ಗರ್ಜಿಸಿದರೆ ಭರಮಸಾಗರ, ಆದಿವಾಲದ ಕಡೆಯವರಿಗೂ ಅದು ತಮ್ಮೂರೆಂದು ಗೊತ್ತಾಗದೆ ಮೈ ಜುಂ ಅನ್ನುತ್ತಿತ್ತು.

ಹದಿನಾಲ್ಕನೆಯ ಸಂಚಿಕೆಯಲ್ಲಿ ಎಡವಟ್ಟಾಯಿತು. ಕಾರ್ಕೋಟ ಒಬ್ಬ ಅಜ್ಜಿ ಮೊಮ್ಮಗಳನ್ನು ಅಟ್ಟಿಸಿಕೊಂಡು ಅವರ ಹೊಸಮನೆಯ ಬಾಗಿಲಿಗೆ ಬಂದಿದ್ದಾನೆ. ಪುಟ ಮೂವತ್ತೊಂದು. ಮಿಂಚುಮಲ್ಲ ಇನ್ನೂ ಏಳು ಬೆಟ್ಟದಾಚೆ ಇದ್ದಾನೆ, ಏಕೆಂದರೆ ಭಾಮೈದ ಹಾರುವ ಚಿತ್ರಕ್ಕೇ ನಾಲ್ಕು ಪುಟ ತಿಂದಿದ್ದ. "ಹೆಂಗಾರ ಮುಗ್ಸಪ್ಪ ಮಾರಾಯ, ಪ್ರಿಂಟಿಗೆ ಪ್ಲೇಟ್ ಮಾಡಬೇಕು" ಎಂದು ಹಾಲೇಶಪ್ಪ ತಲೆಯ ಮೇಲೆ ನಿಂತಿದ್ದ. ಚಿತ್ರಲಿಂಗಪ್ಪನವರು ಅಜ್ಜಿಯ ಬಾಯಿಂದ ಒಂದು ಮಾತು ಹೊರಡಿಸಿದರು: 'ಹಾಲು ಉಕ್ಕಿದ ಮನೆ ಇದು! ನಿನ್ನ ಕಾಲು ಬಿದ್ದರೆ ಹಾಲು ಒಡೆದೀತು, ಮನೆ ಒಡೆದೀತು, ನಿನ್ನ ಮಂತ್ರವೂ ಒಡೆದೀತು!' ಕಾರ್ಕೋಟ ಹೊಸ್ತಿಲಿನಿಂದ ಹಿಂದಿರುಗಿದ. ಮೂವತ್ತೆರಡನೆಯ ಪುಟದಲ್ಲಿ ಸೋಪಿನ ಜಾಹೀರಾತು. ಹಾಲೇಶಪ್ಪನನ್ನು ಹಾಲೇ ಕಾಪಾಡಿತು.

ಅದೇ ಕೊನೆಯ ಸಂಚಿಕೆಯಾಗಿ 'ಮಿಂಚುಮಲ್ಲ' ನಿಂತುಹೋಯಿತು. ಭಾಮೈದ ಮೈಸೂರಿಗೆ ಹೋಗಿ ಫ್ಲೆಕ್ಸ್ ಅಂಗಡಿ ಇಟ್ಟ. ಚಿತ್ರಲಿಂಗಪ್ಪನವರು ಟ್ರ್ಯಾಕ್ಟರ್ ಟ್ರೈಲರುಗಳ ಹಿಂದೆ 'ತಾಯಿಯ ಆಶೀರ್ವಾದ' ಬರೆಯುತ್ತ ಉಳಿದರು. ಹೀಗಿರುವಾಗ ಬಿ.ದುರ್ಗದಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಮುದ್ದಣ್ಣ ಅವರನ್ನು ಹುಡುಕಿಕೊಂಡು ಬಂದ. ಕುರಿ ಕಾಯುತ್ತ ಬಂಡೆಯ ನೆರಳಲ್ಲಿ ಹದಿನಾಲ್ಕೂ ಸಂಚಿಕೆ ಬಾಯಿಪಾಠ ಮಾಡಿದ್ದ ಮುದ್ದಣ್ಣ ಈಗ ಹತ್ತಾಳು ಮೇಸ್ತ್ರಿಯಾಗಿದ್ದ.

"ಸಾರವೆ ಎರಡು ಸಲ ಬಿತ್ತು ಸಾ. ಕುಂಬಳಕಾಯಿಗೆ ದೃಷ್ಟಿ ತಡ್ಯಾಕೆ ಆಗ್ತಿಲ್ಲ. ನಿಮ್ಮ ಆ ಹಲ್ಕಟ್ ನನ್ಮಗನ್ನ ಒಂದು ತಗಡಿನ ಮ್ಯಾಲೆ ಬರ್ದು ಕೊಡ್ರಿ."

ಬರೆದುಕೊಟ್ಟರು. ಆಳುಗಳು ಹತ್ತಿ ನಿಂತು ಗಾರೆ ಮಾಡುವ ಸಾರವೆ ಮತ್ತೆ ಬೀಳಲಿಲ್ಲ. ಅದೇ ವಾರ ಮುದ್ದಣ್ಣ ಹೊಸ ಹಗ್ಗ ತಂದಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸುದ್ದಿ ಹಬ್ಬಿತು. ಆ ಕಾಮಿಕ್ಸ್ ಓದಿ ಬೆಳೆದವರೆಲ್ಲ ಆಗ ಮನೆ ಕಟ್ಟಿಸುವ ವಯಸ್ಸಿಗೆ ಬಂದಿದ್ದರು. ಮುಖದ ಜೊತೆಗೇ ಮೂವತ್ತೊಂದನೆಯ ಪುಟವೂ ಅವರ ನೆನಪಿಗೆ ಬಂತು. ಹಾಲು ಉಕ್ಕಿಸುವ ಮೊದಲು ಕಾರ್ಕೋಟನನ್ನು ಇಳಿಸಿ, ಹಿಮ್ಮುಖವಾಗಿ ನಡೆಯುತ್ತ ಹೊರಗೆ ಒಯ್ದು, ಕೆರೆಗೆ ಎಸೆಯುವುದು ಪದ್ಧತಿಯಾಯಿತು. ಪದ್ಧತಿಗೆ ವಯಸ್ಸು ಐದೋ ಆರೋ ವರ್ಷ. ಆದರೆ ಈಗ ಕೇಳಿದರೆ 'ನಮ್ಮ ಮುತ್ತಾತನ ಕಾಲದಿಂದ' ಎನ್ನುತ್ತಾರೆ.

ಮೊದಮೊದಲು ಚಿತ್ರಲಿಂಗಪ್ಪನವರನ್ನು ಊಟಕ್ಕೆ ಕರೆಯುತ್ತಿದ್ದರು. ಆದಿವಾಲದಲ್ಲಿ ಒಂದು ಮನೆಗೆ ಹೋಗಿ ಉಂಡು ಬಂದರು. ಸಂಜೆ ಪಾಯಸದ ಹಾಲು ಒಡೆಯಿತು, ತಿಂಗಳೊಳಗೆ ಅಣ್ಣತಮ್ಮಂದಿರು ಬೇರೆಯಾದರು. ಆ ಅಣ್ಣತಮ್ಮಂದಿರು ಹತ್ತು ವರ್ಷದಿಂದ ಮಾತುಬಿಟ್ಟಿದ್ದವರು. ಆದರೆ ಯಾರೋ ತಗಡಿನ ಮುಖವನ್ನೂ ಉಂಡುಹೋದವರ ಮುಖವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಗಡ್ಡ ಹೆರೆಯುವ ಕನ್ನಡಿ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅಲ್ಲಿಂದಾಚೆಗೆ ಊಟ ಟಿಫನ್ ಕ್ಯಾರಿಯರಿನಲ್ಲಿ ಬರತೊಡಗಿತು, ಆಮೇಲೆ ಅದೂ ನಿಂತಿತು. ಜಗತ್ತಿನ ದೃಷ್ಟಿಯನ್ನೆಲ್ಲ ತಡೆಯುವವರತ್ತ ಯಾರೂ ದೃಷ್ಟಿ ಹಾಯಿಸದಂತಾಯಿತು.

ಅವರು ಬೇಸರಿಸಿಕೊಳ್ಳಲಿಲ್ಲ. ಊರವರ ಮನೆ ಊರವರದು. ಆದರೆ ಹೋದ ವರ್ಷ ಅವರ ಅಕ್ಕ ಗಂಗಕ್ಕನ ಮಗಳು ಕಾವ್ಯಶ್ರೀ ಹೊಸದುರ್ಗದಲ್ಲಿ ಮನೆ ಕಟ್ಟಿಸಲು ಶುರುಮಾಡಿದಳು. ಅವರಿಗೆ ಈ ಲೋಕದಲ್ಲಿ ರಕ್ತಸಂಬಂಧ ಅಂತ ಇರುವುದು ಈ ಇಬ್ಬರೇ.

ಆ ಮನೆಗೆ ಬರೆದಂಥ ಕಾರ್ಕೋಟನನ್ನು ಅವರು ಮತ್ತೆಂದೂ ಬರೆಯಲಿಲ್ಲ. ಹುಬ್ಬಿನ ಒಂದೊಂದು ಕೂದಲೂ ಎಣಿಸುವಂತಿತ್ತು. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಗೋಡೆಗಳಿಗೆ ನೀರು ಹೊಡೆದರು. ಮೋಲ್ಡ್ ಹಾಕಿದ ಮೇಲೆ ಚಾವಣಿಯಲ್ಲಿ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ದೇವರ ಗೂಡು ಎಲ್ಲಿರಬೇಕು, ಅಡುಗೆಮನೆ ಕಟ್ಟೆ ಎಷ್ಟೆತ್ತರ ಇರಬೇಕು ಎಂದು ಕಾವ್ಯಶ್ರೀ ಅವರನ್ನೇ ಕೇಳಿದಳು. ಬಾಗಿಲಿಲ್ಲದ ಕೋಣೆಯಿಂದ ಕೋಣೆಗೆ ಓಡಾಡುತ್ತ ಅವರು ಹಾಡು ಗುನುಗುತ್ತಿದ್ದರೆಂದು ಮುದ್ದಣ್ಣ ಹೇಳುತ್ತಾನೆ.

ಈ ಒಂದು ಗೃಹಪ್ರವೇಶಕ್ಕೆ ಹೋಗಿ, ಸೋದರಮಾವನಾಗಿ ಹೊಸಬಟ್ಟೆ ಇಟ್ಟು, ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂಬುದು ಅವರ ಆಸೆಯಾಗಿತ್ತು. ಬೇರೇನಿಲ್ಲ.

ಏಪ್ರಿಲ್ ಹದಿನೇಳಕ್ಕೆ ದಿನ ಗೊತ್ತಾಯಿತು. ಗಂಗಕ್ಕ ತಾನೇ ಹೊಳಲ್ಕೆರೆಗೆ ಬಂದು, ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು ಕೊಟ್ಟು, ಬಣ್ಣದ ಡಬ್ಬಿಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಮೂರು ದಿನ ಬಿಟ್ಟು ಬಾರೋ ಚಿತ್ರ."

ಚಿತ್ರಲಿಂಗಪ್ಪನವರು ಕಾರ್ಡನ್ನು ತಿರುಗಿಸಿ ನೋಡಿದರು. "ಇದ್ರಾಗೆ ಹದಿನೇಳು ಅಂತ ಐತಲ್ಲಕ್ಕ."

"ಕಾರ್ಡು ಊರೋರಿಗೆ ಕಣೋ. ನೀನು ಇಪ್ಪತ್ತಕ್ಕೆ ಬಾ. ನಿನಗೆ ಅಂತ ಬ್ಯಾರೆ ಹೋಳಿಗೆ ಮಾಡ್ತೀನಿ."

"ಯಾಕೆ?"

"ಯಾಕೆ ಅಂದ್ರೆ..." ಗಂಗಕ್ಕ ಗೋಡೆಗೊರಗಿದ್ದ ಕಾರ್ಕೋಟರ ಸಾಲಿನ ಕಡೆ ನೋಡಿ ಮುಖ ತಿರುಗಿಸಿದಳು. "ನನಗೆ ನಂಬಿಕೆ ಇಲ್ಲ. ಕಾವ್ಯಂಗೂ ಇಲ್ಲ. ಬೀಗತಿ ಕೊಟ್ರಮ್ಮ ಮಾತ್ರ ಹೆದರ್ಕಂಡಾಳೆ. ಆದಿವಾಲದಾಗೆ ಹಾಲು ಒಡೀತಂತೆ."

"ಅಕ್ಕಾ, ಅದನ್ನ ಬರ್ದೋನು ನಾನೇ ಅಲ್ವೇನೆ? ಮಿಂಚುಮಲ್ಲ ಬರಾದು ತಡ ಆತು, ಜಾಗ ಇರ್ಲಿಲ್ಲ, ಅದಕ್ಕೆ ಬರ್ದೆ!"

"ನೀನ್ ಬರ್ದಿದ್ದಕ್ಕೇ ಕಣೋ ಜನ ನಂಬಿರಾದು. ಬ್ಯಾರೇರು ಬರ್ದಿದ್ರೆ ಕಥೆ ಅಂತಿದ್ರು."

ಹೋಗುವಾಗ ಆಕೆ ತಮ್ಮನ ತಲೆ ಸವರಿದಳು. ಆಮೇಲೆ ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬಣ್ಣ ಹತ್ತಿತ್ತು, ಅಷ್ಟೇ. ಆದರೆ ಚಿತ್ರಲಿಂಗಪ್ಪನವರು ಆ ಸೆರಗನ್ನೇ ನೋಡುತ್ತ ನಿಂತರು.

ತಾವೇ ಮಾಡಿದ ಕಾನೂನಿಗೆ ತಾವೇ ತಿದ್ದುಪಡಿ ತರಬಹುದೆಂದು ಅವರಿಗೆ ಮಾರನೆಯ ದಿನ ಹೊಳೆಯಿತು. ಎರಡು ವಾರ ಕೂತು, ಟ್ರೈಲರುಗಳನ್ನೆಲ್ಲ ವಾಪಸ್ ಕಳಿಸಿ, ಹದಿನೈದನೆಯ ಸಂಚಿಕೆ ಬರೆದರು. ಮೂವತ್ತೆರಡು ಪುಟ, ನಾಯಕ ಖಳ ಎರಡೂ ಕೈ ಅವರದೇ. ಕಥೆ ಸಣ್ಣದು. ಬಿಸಿಲಲ್ಲಿ ನಡೆದು ದಣಿದ ಕಾರ್ಕೋಟ ಹಾಲು ಉಕ್ಕಿದ ಮನೆಯೊಂದರ ಮುಂದೆ ನಿಲ್ಲುತ್ತಾನೆ. ಅದೇ ಅಜ್ಜಿ ಒಳಗೆ ಕರೆಯುತ್ತಾಳೆ. ಅವನು ಕಿವಿಯ ಬುರುಡೆ ಬಿಚ್ಚಿ ಕಿಟಕಿಯಲ್ಲಿಟ್ಟು, ಕಾಲು ತೊಳೆದು, ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಹಾಲು ಒಡೆಯುವುದಿಲ್ಲ. ಹನ್ನೊಂದು ಪುಟ ಬರೀ ಊಟ. ಕೋಸಂಬರಿಗೇ ಒಂದೂವರೆ ಪುಟ ಹೋಗಿತ್ತು.

ಜೆರಾಕ್ಸ್ ಮಾಡಿಸಿ ಮೊದಲ ಪ್ರತಿಯನ್ನು ಮುದ್ದಣ್ಣನಿಗೇ ಕೊಟ್ಟರು. ಅವನು ಒಪ್ಪಿದರೆ ನಾಲ್ಕು ತಾಲ್ಲೂಕು ಒಪ್ಪಿದಂತೆ. ಮುದ್ದಣ್ಣ ಮರಳಿನ ಗುಡ್ಡೆಯ ಮೇಲೆ ಕೂತು, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಪುಟ ತಿರುವಿ, ಕೊನೆಯದಕ್ಕೆ ಬಂದು ಮತ್ತೆ ಮೊದಲಿನಿಂದ ತಿರುವಿದ.

"ಚೆನ್ನಾಗೈತೆ ಸಾ. ಆದ್ರೆ ಮಿಂಚುಮಲ್ಲ ಎಲ್ಲಿ?"

"ಎರಡನೇ ಪುಟದಾಗೆ ಹಾರ್ಕಂಡು ಹೋಗ್ತಾನಲ್ಲ. ಅವ್ನಿಗೆ ಇಲ್ಲೇನು ಕೆಲಸ? ಜಗಳಾನೇ ಇಲ್ಲ."

"ಜಗಳ ಇಲ್ಲ, ಮಂತ್ರ ಇಲ್ಲ, ಫಟ್ ಇಲ್ಲ." ಮುದ್ದಣ್ಣ ಪುಸ್ತಕವನ್ನು ಗೌರವದಿಂದ ಮಡಿಚಿ ತೊಡೆಯ ಮೇಲಿಟ್ಟುಕೊಂಡ. "ಹಂಗಾರೆ ಇದು ಕಾರ್ಕೋಟನ ಕಥೆ ಅಲ್ಲ ಬಿಡ್ರಿ. ಯಾರೋ ಪಾಪದ ಮುದುಕಂದು."

ಚಿತ್ರಲಿಂಗಪ್ಪನವರು ಪುಸ್ತಕ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದರು.

"ಬ್ಯಾಸರ ಮಾಡ್ಕಬ್ಯಾಡ್ರಿ. ನಾನೊಂದು ಮಾತು ಹೇಳ್ತೀನಿ. ನೀವು ಒಳಗೆ ಹೋಗಿ ಹಾಲು ಒಡೀತು ಅನ್ನಿ, ಕಾವ್ಯಮ್ಮನ ಮನೆಗೆ ಕೇಡು. ಒಡೀಲಿಲ್ಲ ಅನ್ನಿ, ಕಾರ್ಕೋಟಂಗೆ ಕೇಡು. ಆಮ್ಯಾಲೆ ಈ ತಗಡು ಯಾರು ಕಟ್ತಾರೆ? ನನ್ನ ಆಳುಗಳು ಸಾರವೆ ಹತ್ತಾಕೆ ಹೆದರ್ತಾರೆ ಸಾ. ಅವ್ರಿಗೆ ಮ್ಯಾಲೆ ಹೋಗ್ವಾಗ ಆ ಮುಖ ಬೇಕು."

ಅದು ಸುಳ್ಳಲ್ಲವೆಂದು ಅವರಿಗೂ ಗೊತ್ತಿತ್ತು. ಉಳಿದ ಪ್ರತಿಗಳನ್ನು ಅವರು ಯಾರಿಗೂ ಕೊಡಲಿಲ್ಲ.

ಆದರೂ ಹದಿನೇಳರ ಬೆಳಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಧರಿಸಿ, ಹೊಸ ಪಂಚೆ ಉಟ್ಟು, ಕಾವ್ಯಶ್ರೀಗೆ ತಂದಿದ್ದ ಇಳಕಲ್ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದರು. ಮನೆಯೊಳಗೆ ಹೋಗಬೇಕೆಂದಲ್ಲ, ಹಾಲು ಉಕ್ಕುವುದನ್ನು ದೂರದಿಂದಾದರೂ ನೋಡೋಣವೆಂದು. ಕಾವ್ಯಶ್ರೀಯ ಮನೆಯೆದುರು ಇನ್ನೂ ಗಿಲಾವು ಆಗದ ಒಂದು ಮನೆ ಇತ್ತು. ಅದರ ಮುಂದೆಯೂ ಅವರದೇ ಕಾರ್ಕೋಟ ತೂಗುತ್ತಿದ್ದ. ಅಲ್ಲಿಗೆ ಹೋಗಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಿಟಕಿ ಕೂರಿಸಬೇಕಾದ ತೂತಿನ ಹಿಂದೆ ಸಿಮೆಂಟ್ ಇಟ್ಟಿಗೆ ಪೇರಿಸಿಕೊಂಡು ಕೂತರು.

ಮುದ್ದಣ್ಣ ಕಾವ್ಯಶ್ರೀಯ ಮನೆಯ ಕಾರ್ಕೋಟನನ್ನು ಇಳಿಸಿ ಹಿಮ್ಮುಖವಾಗಿ ನಡೆಯುತ್ತ ಒಯ್ದ. ಆ ಹುಬ್ಬುಗಳಿಗೆ ಎಷ್ಟು ದಿನ ಹಿಡಿದಿತ್ತೆಂದು ಅವರಿಗೆ ನೆನಪಾಯಿತು. ಅಯ್ಯನವರು ಬಂದರು. ಪೂಜೆ ನಡೆಯಿತು. ಒಳಗಿನಿಂದ 'ಉಕ್ತು, ಉಕ್ತು!' ಎಂಬ ಹೆಂಗಸರ ಕೂಗು ಕೇಳಿಸಿತು. ಹಾಲು ಕಾಣಲಿಲ್ಲ. ಅವರು ಕೂತಲ್ಲೇ ಕೈ ಮುಗಿದರು.

ಹನ್ನೊಂದರ ಹೊತ್ತಿಗೆ ಮೊದಲ ಪಂಕ್ತಿಗೆ ಎಲೆ ಹಾಕುವಾಗ ಕಾವ್ಯಶ್ರೀ ಹೊರಗೆ ಬಂದು ಕೈ ತೊಳೆಯುತ್ತಿದ್ದವಳು ತಲೆ ಎತ್ತಿದಳು. ರಸ್ತೆಯಾಚೆ ಕಿಟಕಿಯ ತೂತಿನಲ್ಲಿ ವಿಭೂತಿ ಹಚ್ಚಿದ ಹಣೆ ಕಂಡಿತು. ಆಕೆ ಸೀರೆಯ ನೆರಿಗೆ ಎತ್ತಿಕೊಂಡು ಸೀದಾ ರಸ್ತೆ ದಾಟಿ ಬಂದಳು.

"ಏನ್ ಮಾವ ಇದು? ಕಳ್ಳನಂಗೆ ಇಲ್ಲಿ ಕುಂತೀಯಲ್ಲ!"

"ನಾನು ಈ ಮನೆ ಕೆಲಸಕ್ಕೆ ಬಂದಿದ್ದೆ ಕಣವ್ವ."

"ಹೊಸ ಪಂಚೆ ಉಟ್ಕಂಡು ಇಟ್ಟಿಗೆ ಹೊರಾಕೆ ಬಂದಿದ್ಯಾ? ಏಳು. ಹೋಗಾಣ."

"ಬ್ಯಾಡ ಕಾವ್ಯ, ನಿಮ್ಮತ್ತೆ..."

"ಅತ್ತೆ ಮನೆ ಅಲ್ಲ ಅದು, ನನ್ನ ಮನೆ. ಅದರ ಗೋಡೆಗೆ ನೀರು ಹೊಡೆದೋನು ನೀನು. ನಡಿ ಅಂದ್ರೆ ನಡಿ."

ಕೈ ಹಿಡಿದು ಎಳೆದಳು. ಚಿತ್ರಲಿಂಗಪ್ಪನವರು ರಸ್ತೆ ದಾಟಿದರು. ಮೆಟ್ಟಿಲ ಮೇಲಿದ್ದ ಗಂಗಕ್ಕ ಎದ್ದು ನಿಂತಳು. ಅವಳ ಮುಖದಲ್ಲಿ ಸಂತೋಷವೂ ಗಾಬರಿಯೂ ಒಟ್ಟಿಗೇ ಬಂದವು. ಶಾಮಿಯಾನದಲ್ಲಿ ಕೂತಿದ್ದವರು ಈ ಕಡೆ ತಿರುಗಿದರು. ಯಾರೋ ಒಬ್ಬರು ನಕ್ಕರು, ಪಕ್ಕದವರು ಅವರ ತೊಡೆಗೆ ತಿವಿದರು.

ಹೊಸ್ತಿಲಲ್ಲಿ ಹೊಸ ರಂಗೋಲಿ, ಮಾವಿನೆಲೆ. ಒಳಗೆ ನಡುಮನೆಯಲ್ಲಿ ಪಾಯಸಕ್ಕೆಂದು ತಂದ ಹಾಲಿನ ದೊಡ್ಡ ಪಾತ್ರೆ. ಅದರ ಪಕ್ಕ ಬೀಗತಿ ಕೊಟ್ರಮ್ಮ. ಕಾವ್ಯಶ್ರೀಯ ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿದ್ದೇ ಆಕೆ ಕೈಗೆ ಸಿಕ್ಕ ತಟ್ಟೆಯನ್ನು ಪಾತ್ರೆಯ ಮೇಲೆ ಮುಚ್ಚಿ, ತಟ್ಟೆಯ ಮೇಲೆ ಎರಡೂ ಕೈ ಊರಿ ನಿಂತಳು. ಕೋಪವಿರಲಿಲ್ಲ ಆ ಮುಖದಲ್ಲಿ. ಬಳೆಗಳು ತಟ್ಟೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ಚಿತ್ರಲಿಂಗಪ್ಪನವರು ಚಪ್ಪಲಿ ಬಿಟ್ಟು ಬಲಗಾಲು ಎತ್ತಿದರು. ಎತ್ತಿದ ಕಾಲಿನಲ್ಲೇ ಅವರ ಕಣ್ಣು ಆ ಪಾತ್ರೆಯ ಕಡೆ ಹೋಯಿತು. ಬೆಳಗ್ಗೆ ಐದಕ್ಕೆ ಬಂದ ಹಾಲು. ಏಪ್ರಿಲ್ ಬಿಸಿಲು. ಹೊರಗಿನ ಶಾಮಿಯಾನದ ಕಾವು, ಪಕ್ಕದಲ್ಲೇ ಗ್ಯಾಸ್ ಒಲೆ. ಇಂಥ ಹಾಲು ಒಡೆಯುವುದಕ್ಕೆ ಮಾಂತ್ರಿಕ ಬೇಕಿಲ್ಲ, ಮಧ್ಯಾಹ್ನ ಸಾಕು. ಇವತ್ತು ಒಡೆದರೆ, ಈ ಮನೆಯಲ್ಲಿ ಮುಂದೆ ಮಗುವಿಗೆ ಜ್ವರ ಬಂದಾಗಲೂ, ಗಂಡನಿಗೆ ವರ್ಗವಾದಾಗಲೂ, ಮೋಟರ್ ಸುಟ್ಟಾಗಲೂ ಈ ಬಳೆಗಳು ಹೀಗೇ ಸದ್ದು ಮಾಡುತ್ತವೆ. ಪ್ರತಿ ಸಲವೂ ಕಾವ್ಯಶ್ರೀ ಮಾವನ ಪರವಾಗಿ ಜಗಳಕ್ಕೆ ನಿಲ್ಲಬೇಕು. ನಿಲ್ಲುತ್ತಾಳೆ ಕೂಡ, ಅವಳು ಅಂಥವಳೇ.

ಅವರು ಕಾಲನ್ನು ಹಿಂದಕ್ಕೆ ಇಟ್ಟರು.

"ಮಾವ!"

"ಕೇಳಿಲ್ಲಿ ಕಾವ್ಯ. ಆ ಹಾಲನ್ನ ಈಗಲೇ ಒಂದು ಕುದಿ ಕುದಿಸ್ಬಿಡ್ರಿ. ಇಲ್ಲಾಂದ್ರೆ ನಾನು ಬಂದ್ರೂ ಒಡೀತೈತೆ, ಬರದೇ ಇದ್ರೂ ಒಡೀತೈತೆ." ಚೀಲದಿಂದ ಸೀರೆ ತೆಗೆದು ಹೊಸ್ತಿಲಾಚೆಯಿಂದಲೇ ಅವಳ ಕೈಗೆ ಕೊಟ್ಟರು. "ಇಪ್ಪತ್ತಕ್ಕೆ ಬರ್ತೀನಿ. ಅಕ್ಕ ನಂಗೆ ಅಂತ ಬ್ಯಾರೆ ಹೋಳಿಗೆ ಮಾಡ್ತಾಳಂತೆ."

ಕಾವ್ಯಶ್ರೀ ಸೀರೆ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿ ನೋಡಿದಳು. ಒಳಗೆ ಕೊಟ್ರಮ್ಮ ತಟ್ಟೆಯ ಮೇಲಿನ ಕೈ ತೆಗೆದು, "ಕುಡಿಯಾಕೆ ನೀರಾದ್ರೂ ಕೊಡ್ರೇ ಅವ್ರಿಗೆ" ಎಂದಳು. ಅದು ನಿಜವಾದ ಉಪಚಾರವೇ ಆಗಿತ್ತು. ಗಂಗಕ್ಕ ತಂಬಿಗೆ ತಂದಳು. ಅವರು ಮೆಟ್ಟಿಲ ಕೆಳಗೆ ನಿಂತು ಕುಡಿದು, ತಂಬಿಗೆ ಹಿಂದಿರುಗಿಸಿ, ಬಂದ ದಾರಿಯಲ್ಲೇ ರಸ್ತೆ ದಾಟಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿಲಾವಾಗದ ಮನೆಯ ನೆರಳಲ್ಲಿ ಕೂತಾಗ ಎದುರಿನಿಂದ ಒಗ್ಗರಣೆಯ ವಾಸನೆಯೂ, ಎರಡನೆಯ ಪಂಕ್ತಿಗೆ ಕರೆಯುವ ದನಿಯೂ ಬಂದವು. ಸ್ವಲ್ಪ ಹೊತ್ತಿಗೆ ಕಾವ್ಯಶ್ರೀ ಎಲೆಯ ಸಮೇತ ಊಟ ತಂದು ಇಟ್ಟಿಗೆಯ ಮೇಲೆ ಬಡಿಸಿ, ಪಕ್ಕದಲ್ಲಿ ಕೂರಲು ಹೋದಳು. ಅಷ್ಟರಲ್ಲಿ ಆ ಕಡೆಯಿಂದ 'ಮನೆ ಯಜಮಾನ್ತಿ ಎಲ್ಲಿ?' ಎಂದು ಕೂಗಿದರು. ಎದ್ದು ಹೋದಳು. ಅವರು ಒಬ್ಬರೇ ಉಂಡರು. ಕೋಸಂಬರಿಗೆ ಉಪ್ಪು ಕಡಿಮೆಯಾಗಿತ್ತು. ಹೇಳಲು ಪಕ್ಕದ ಎಲೆಯವರು ಇರಲಿಲ್ಲ.

ಕೈ ತೊಳೆಯುವ ಹೊತ್ತಿಗೆ ಆ ಮನೆ ಕಟ್ಟಿಸುತ್ತಿದ್ದ ಮುರುಗೇಶಪ್ಪ ಎದುರು ಮನೆಯ ಊಟ ಮುಗಿಸಿ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ಬಂದ. ಅಲ್ಲಿ ಏನಾಯಿತೆಂದು ಅವನೂ ನೋಡಿದ್ದ. ಅದರ ಸುದ್ದಿ ಎತ್ತದೆ, ದೊಡ್ಡ ಮನಸ್ಸಿನಿಂದ, "ಬರ್ರಿ ಸಾ, ಒಳಗೆ ಬರ್ರಿ. ನಮ್ಮ ಅಡುಗೆಮನೆ ನೋಡ್ರಿ. ಒಲೆ ಯಾವ ಮಕ ಇಡಬೇಕು ಅಂತ ನೀವೇ ಹೇಳ್ಬೇಕು" ಎಂದ.

ಚಿತ್ರಲಿಂಗಪ್ಪನವರು ಒಳಗೆ ಹೋದರು. ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು. ನೀರು ಸಾಲದಾಗಿದೆ, ಇನ್ನೊಂದು ವಾರ ಹೊಡೆಯಬೇಕು ಎಂದರು. ಒಲೆಯ ಜಾಗ ತೋರಿಸಿದರು. ನೆಂಟರು ಬಂದರೆ ಮಲಗಲು ಅಟ್ಟದ ಪಕ್ಕ ಇನ್ನೊಂದು ಕೋಣೆ ಎತ್ತಬಹುದಲ್ಲ ಎಂದೂ ಸೂಚಿಸಿದರು.

"ಎತ್ತಬೋದು. ಆದ್ರೆ ಕೆಲಸ ಎಳೀತೈತೆ. ಶ್ರಾವಣಕ್ಕೆ ಬಾಗಿಲು ಕೂರ್ಸಿ ಹಾಲು ಉಕ್ಕಿಸ್ಬಿಡಾಣ ಅಂತ ಮನೆಯಾಗೆ ಒಂದೇ ಹಟ" ಎಂದ ಮುರುಗೇಶಪ್ಪ.

"ಅವಸರ ಏನೈತ್ರಿ" ಎಂದರು ಚಿತ್ರಲಿಂಗಪ್ಪನವರು, ಇನ್ನೂ ಬಾಗಿಲು ಕೂರಿಸದ ಚೌಕಟ್ಟಿಗೆ ಒರಗಿ ನಿಂತು. "ನಿಧಾನಕ್ಕೆ ಕಟ್ರಿ."